ಬತೇರಿಯ ಮೇಲೆ ನಿಂತು ಕೇಳಿದ ಲೋಂಗೆವಾಲಾ

ವಿಜಯ ದಿವಸಕ್ಕೆ ನಮ್ಮ ಶಾಲೆಯ ಮಕ್ಕಳ ಮುಂದೆ 1971ರ ಯುದ್ಧದ ಬಗ್ಗೆ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು. ರಾಜಸ್ಥಾನದ ಮರುಭೂಮಿಯ ಗಡಿಠಾಣೆ ಲೋಂಗೆವಾಲಾದ ಕಾಳಗವನ್ನು ಆರಿಸಿಕೊಂಡೆ. ಫಿರಂಗಿದಳದಲ್ಲಿದ್ದು ನಿವೃತ್ತರಾದ ಚಿಕ್ಕಪ್ಪನನ್ನು ಕೇಳಿದರೆ, "ಮನೇಲಿ ಕೂತು ಹೇಳಿದ್ರೆ ತಿಳಿಯಲ್ಲ, ಕೋಟೆ ಹತ್ತೋಣ ನಡಿ" ಅಂದರು. ಅವರು ಸೇನೆ ಸೇರಿದ್ದು ಆ ಯುದ್ಧವಾದ ಮೇಲೆ. ಕಥೆ ಹಿರಿಯರ ಬಾಯಿಂದ ಕೇಳಿದ್ದು.

ಚಿತ್ರದುರ್ಗದ ಕೋಟೆಯ ಎತ್ತರದ ಕಾವಲು ಬುರುಜು, ತುಪ್ಪದ ಕೊಳದ ಬತೇರಿ ಹತ್ತುವಾಗ ಬಂಡೆಯಲ್ಲಿ ಕೊರೆದ ಕಚ್ಚಿಗೆ ಕಾಲು ಕೊಟ್ಟೇ ಏರಬೇಕು. ಮೇಲೆ ಹೋದ ಮೇಲೆ ದೂರದ ಹೊಲಗಳ ಕಡೆ ಕೈ ತೋರಿಸಿ, "ಅಲ್ಲೊಂದು ಟ್ರ್ಯಾಕ್ಟರ್ ಐತೆ, ಹುಡುಕು" ಅಂದರು. ಕೆಂಪು ಮಣ್ಣು, ಬೇವು, ಜಾಲಿ, ಅಷ್ಟೇ ಕಂಡಿದ್ದು. ಎಷ್ಟೋ ಹೊತ್ತಿನ ಮೇಲೆ ಅದು ಬದುವಿನ ಬಳಿ ತಿರುಗಿ ಧೂಳೆಬ್ಬಿಸಿತು. ಆಗ ಸಿಕ್ಕಿತು. "ನೀನು ನಿಂತು ನೋಡ್ತಿದೀಯ. ಹಂಟರ್ ಓಡ್ಸೋನಿಗೆ ನಿಲ್ಲೋಕಾಗುತ್ತಾ?" ಅಂತ ಕೇಳಿದರು. ಹಂಟರ್ ಅಂದರೆ ಆಗ ನಮ್ಮ ವಾಯುಪಡೆಯಲ್ಲಿದ್ದ ಯುದ್ಧವಿಮಾನ.

ಡಿಸೆಂಬರ್ 4ರ ರಾತ್ರಿ ಲೋಂಗೆವಾಲಾ ಠಾಣೆಯಲ್ಲಿದ್ದದ್ದು ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿಯವರ ಕೈಕೆಳಗಿನ ಪಂಜಾಬ್ ರೆಜಿಮೆಂಟಿನ 23ನೇ ಬೆಟಾಲಿಯನ್‌ನ ಒಂದು ಕಂಪನಿ, ಸುಮಾರು 120 ಜನ. ಎದುರಿಗೆ ಪಾಕಿಸ್ತಾನದ ಟ್ಯಾಂಕ್‌ಗಳ ಸಾಲು. ಜೈಸಲ್ಮೇರ್‌ನಲ್ಲಿ ಹಂಟರ್ ವಿಮಾನಗಳಿದ್ದವು, ಆದರೆ ಕತ್ತಲಲ್ಲಿ ದಾಳಿ ಮಾಡುವ ಉಪಕರಣ ಅವಕ್ಕಿರಲಿಲ್ಲ. ಬೆಳಕು ಹರಿಯುವವರೆಗೆ ಆ ಕಂಪನಿಯೇ ತಡೆದು ನಿಲ್ಲಬೇಕಿತ್ತು, ನಿಂತಿತು.

ಇಷ್ಟು ನನಗೆ ಗೊತ್ತಿತ್ತು. ಮೇಜರ್ ಆತ್ಮಾ ಸಿಂಗ್ ಹೆಸರು ಕೇಳಿದ್ದು ಅವತ್ತೇ. ಸೇನೆಯ ಏರ್ ಒಪಿ ಪೈಲಟ್ ಅವರು, ಅಂದರೆ ಮೇಲಿಂದ ನೋಡಿ ಫಿರಂಗಿಗಳಿಗೆ ಗುರಿ ಹೇಳುವವರು. ಓಡಿಸಿದ್ದು ಕೃಷಕ್, ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಒಂದೇ ಪ್ರೊಪೆಲ್ಲರ್‌ನ ಪುಟ್ಟ ವಿಮಾನ. ಬಂದೂಕಿಲ್ಲ, ರಾಕೆಟ್ಟಿಲ್ಲ, ಗುಂಡು ತಡೆಯುವ ಕವಚವಿಲ್ಲ. ಕೆಳಗಿನ ಟ್ಯಾಂಕ್‌ಗಳ ನೆತ್ತಿಯ ಮೇಲೆ 12.7 ಮಿ.ಮೀ. ಮೆಷಿನ್‌ಗನ್. ಅಂಥ ಕಡೆ ತಗ್ಗಿನಲ್ಲಿ ಹಾರುತ್ತ, ಟ್ಯಾಂಕ್ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ವೈರ್‌ಲೆಸ್‌ನಲ್ಲಿ ಹಂಟರ್‌ಗಳಿಗೆ ದಾರಿ ತೋರಿಸಿದರು. ಹಂಟರ್ ರಾಕೆಟ್ ಬಿಟ್ಟು, 30 ಮಿ.ಮೀ. ಫಿರಂಗಿ ಹೊಡೆದು ಮೇಲೇರಿ ಹೋಗುತ್ತದೆ. ಕೃಷಕ್‌ಗೆ ಆ ವೇಗ ಎಲ್ಲಿಂದ ಬರಬೇಕು? ಮುಂದೆ ಬರುವ ಹಂಟರ್ ಜೋಡಿಗೂ ದಾರಿ ತೋರಿಸಲು ಅದು ಅಲ್ಲೇ ಸುತ್ತಬೇಕು. ಹಂಟರ್ ಪೈಲಟ್‌ಗಳ ಧೈರ್ಯ ಕಡಿಮೆಯದೆಂದು ನಾನು ಹೇಳುತ್ತಿಲ್ಲ. ಆದರೆ ತಿರುಗಿ ಹೊಡೆಯಲು ಕೈಯಲ್ಲಿ ಏನೂ ಇಲ್ಲದೆ ಅಲ್ಲೇ ಉಳಿಯುವುದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಚಿಕ್ಕಪ್ಪನ ದನಿ ಆಗ ಬದಲಾಗಿತ್ತು. "ಗನ್ ಹತ್ರ ನಿಂತೋರಿಗೆ ಗುಂಡು ಎಲ್ಲಿ ಬಿತ್ತು ಅಂತ ಕಾಣಲ್ಲ ಕಣಪ್ಪ. ಮೇಲಿಂದ ಒಬ್ಬ ನೋಡಿ ಹೇಳ್ಬೇಕು. ಅವನ ಮಾತು ನಿಂತೋದ್ರೆ ನಾವು ಕುರುಡ್ರು." 1986ರಲ್ಲಿ ಸೇನೆಯ ವೈಮಾನಿಕ ದಳ ಬೇರೆಯಾಗುವವರೆಗೆ ಈ ಪೈಲಟ್‌ಗಳು ಫಿರಂಗಿದಳದವರೇ ಆಗಿದ್ದರು. ಆ ಅಭಿಮಾನ ಚಿಕ್ಕಪ್ಪನಿಗೆ ಇವತ್ತಿಗೂ ಇದೆ. ನಮ್ಮ ಚಳ್ಳಕೆರೆ ಬಯಲಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಈಗ ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡುತ್ತಿದೆಯಲ್ಲ, ಅದನ್ನು ನೆನಪಿಸಿದೆ. "ಒಳ್ಳೇದಾಯ್ತು, ಒಂದು ಜೀವ ಉಳೀತದೆ" ಅಂದರು.

ಚಾಂದ್‌ಪುರಿಯವರಿಗೆ ಮಹಾವೀರ ಚಕ್ರ ಬಂತು, ಆತ್ಮಾ ಸಿಂಗ್ ಅವರಿಗೆ ವೀರ ಚಕ್ರ. ಮಕ್ಕಳ ಮುಂದೆ ಎರಡೂ ಹೆಸರು ಹೇಳಿದೆ. ಕೃಷಕ್‌ನ ಚಿತ್ರವನ್ನು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಅವರಿಗೆ ಗುಂಡು ತಗುಲ್ಲಿಲ್ವಾ?" ಎಂದ. ಇಲ್ಲಪ್ಪ, ವಾಪಸ್ ಬಂದರು ಅಂದೆ.