ಉಡುಪಿಗೆ ಹೋದ್ರೆ ಡಯಟ್ ಕಥೆ ಏನಾಗುತ್ತೆ ಅಂದ್ರೆ

ಮೂರು ತಿಂಗಳು ಮುದ್ದೆ, ಸೊಪ್ಪಿನ ಸಾರು, ಸಂಜೆ ವಾಕಿಂಗ್ ಅಂತ ಒದ್ದಾಡಿ 6 ಕೆಜಿ ಇಳ್ಸಿದ್ದೆ, ಅಷ್ಟರಲ್ಲಿ ನಮ್ಮನೆಯವ್ರು ನಾಲ್ಕು ದಿನ ಉಡುಪಿ ಟ್ರಿಪ್ ಫಿಕ್ಸ್ ಮಾಡ್ಬಿಟ್ರು. ಬೇರೆ ಎಲ್ಲಾದ್ರೂ ಆಗಿದ್ರೆ ಹೇಗೋ ತಡ್ಕೋತಿದ್ದೆ, ಆದ್ರೆ ಉಡುಪಿ ಕಣ್ರೀ!

ಮೊದಲ್ನೇ ದಿನ ಬೆಳಗ್ಗೆನೇ ಹೋಟ್ಲಲ್ಲಿ ಪಕ್ಕದ ಟೇಬಲ್‌ಗೆ ಬನ್ಸ್ ಬಂತು, ಬಲೂನ್ ಥರ ಉಬ್ಕೊಂಡು, ಅವ್ರು ಮುರಿದ ತಕ್ಷಣ ಹಬೆ ಜೊತೆ ಬಾಳೆಹಣ್ಣು ಜೀರಿಗೆ ಘಮ ನನ್ ಮೂಗಿಗೇ ಬಡೀತು. ಮೈದಾ, ಸಕ್ಕರೆ, ಮೇಲಿಂದ ಎಣ್ಣೇಲಿ ಕರಿದಿದ್ದು, ಎಲ್ಲಾ ಗೊತ್ತು. ಒಂದು ತರ್ಸಿ ಮಗಳ ಜೊತೆ ಅರ್ಧರ್ಧ ಮಾಡ್ಕೊಂಡೆ. ಆಮೇಲೆ ಅದೇ ರೂಲ್ ಆಯ್ತು, ಕರಿದಿದ್ದು ದಿನಕ್ಕೆ ಒಂದೇ, ಅದೂ ಪಾಲು. ನೀರ್ ದೋಸೆ ಹಗುರ ಅಂತ ಆರೇಳು ಹೊಡೆಯೋರಿದಾರೆ (ನಾನೂ ಹಾಗೇ ಇದ್ದೆ), ಎಣ್ಣೆ ಕಮ್ಮಿ ನಿಜ, ಆದ್ರೆ ಅದೂ ಅಕ್ಕಿನೇ ತಾನೆ, ಎರಡಕ್ಕೆ ನಿಲ್ಸಿದೆ. ಮಧ್ಯಾಹ್ನ ಬಂಗುಡೆ ಪುಳಿಮುಂಚಿ (ಹುಳಿ-ಖಾರದ ಮೀನಿನ ಗಸಿ) ಜಾಸ್ತಿ, ಅನ್ನ ಕಮ್ಮಿ. ಮಲ್ಪೆ ಬೀಚ್ ಮರಳಲ್ಲಿ ಒಂದು ಗಂಟೆ ನಡೆದ್ರೆ ಮೀನಖಂಡ ಹಿಡ್ಕೊಳ್ಳುತ್ತೆ, ವಾಕಿಂಗ್ ಲೆಕ್ಕ ಸರಿಹೋಯ್ತು. ಗಡ್‌ಬಡ್ ಐಸ್‌ಕ್ರೀಮ್ ಮಾತ್ರ ಯಾರಿಗೂ ಪಾಲು ಕೊಡ್ಲಿಲ್ಲ.

ವಾಪಸ್ ಬಂದು ತೂಕ ನೋಡಿದ್ರೆ 1.4 ಕೆಜಿ ಜಾಸ್ತಿ! ಒಂದು ಕೆಜಿ ಕೊಬ್ಬು ಅಂದ್ರೆ ಹೆಚ್ಚುಕಮ್ಮಿ 7,700 ಕ್ಯಾಲೊರಿ, ಖರ್ಚಾಗೋದಕ್ಕಿಂತ ಅಷ್ಟೊಂದು ಜಾಸ್ತಿ ನಾನು ತಿಂದಿಲ್ಲ, ಹೋಟೆಲ್ ಊಟದ ಉಪ್ಪಿಗೆ ಮೈ ನೀರು ಹಿಡ್ಕೊಂಡಿರುತ್ತೆ ಅಷ್ಟೇ. ಐದು ದಿನಕ್ಕೆ 1.1 ಇಳೀತು. ಅತ್ತೆ ಮಾತ್ರ "ಈಗ ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು, ಮತ್ತೆ ಶುರು ಮಾಡಿದ್ಯಾ" ಅಂತಿದಾರೆ.