ಕೆರೆ ಬಿಟ್ಟವರು ಯಾರು?

2025 ಮೇ 18, ಭಾನುವಾರ

"ಈಗಿನ ಹುಡುಗರಿಗೆ ಜವಾಬ್ದಾರಿ ಅನ್ನೋದೇ ಇಲ್ಲಮ್ಮ."

ಸಂಜೆ ಅರಳಿಕಟ್ಟೆಯ ಹತ್ತಿರ ದೊಡ್ಡಪ್ಪ ಹೀಗೆ ಹೇಳಿದಾಗ ಅವರ ವಯಸ್ಸಿನವರೆಲ್ಲ ಹೌದು ಹೌದು ಎಂದು ತಲೆ ಆಡಿಸಿದರು. ಪಕ್ಕದಲ್ಲಿ ಬೈಕ್ ಒರಗಿಸಿಕೊಂಡು ನಿಂತಿದ್ದ ಹುಡುಗರು ಮುಖ ಮುಖ ನೋಡಿಕೊಂಡರು. ನಾನು ಬೇಸಿಗೆ ರಜೆಗೆ ತವರಿಗೆ ಬಂದಿದ್ದೇನೆ. ಹೇಳಬೇಕು ಅನ್ನಿಸಿದ್ದರಲ್ಲಿ ಸ್ವಲ್ಪವನ್ನು ಅಲ್ಲೇ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾತು ಶುರುವಾಗಿದ್ದು ಕೆರೆಯಿಂದ. ಮೊನ್ನೆ ಒಳ್ಳೆ ಮಳೆ ಬಿತ್ತು. ಗುಡ್ಡದ ಕಡೆಯಿಂದ ನೀರು ಜೋರಾಗಿಯೇ ಹರಿದು ಬಂತು. ಆದರೆ ಕೆರೆಗೆ ಬರಲಿಲ್ಲ. ರಾಜಕಾಲುವೆ ತುಂಬ ಜಾಲಿ ಬೆಳೆದಿದೆ. ಕೆಲವು ಕಡೆ ಕಾಲುವೆಯೇ ಇಲ್ಲ, ಉತ್ತು ಹೊಲ ಮಾಡಿದ್ದಾರೆ. ನೀರು ದಾರಿ ಸಿಗದೆ ಟಾರ್ ರಸ್ತೆ ಮೇಲೆ ಹರಿದು ಹೋಯಿತು. ದೊಡ್ಡಪ್ಪನಿಗೆ ಹೊಟ್ಟೆ ಉರಿದಿದ್ದು ಅದಕ್ಕೇ. ಆ ಹೊಟ್ಟೆಉರಿ ನಿಜವಾದದ್ದು, ಅದರ ಬಗ್ಗೆ ನನಗೆ ಅನುಮಾನವಿಲ್ಲ.

ನಮ್ಮದು ಕೋಲಾರ ಜಿಲ್ಲೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಯಿತು. ಅದಕ್ಕೂ ಮುಂಚೆ ಎರಡೂ ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದ ನೆಲ ಇದು. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಮೇಲಿನ ಊರಿನವರು ಕಾಲುವೆ ನೋಡಿಕೊಳ್ಳದಿದ್ದರೆ ಕೆಳಗಿನ ಊರು ಒಣಗುತ್ತದೆ. ಅಂದರೆ ಇಲ್ಲಿ ಯಾರ ಕೆರೆಯೂ ಬರೀ ಅವರ ಕೆರೆಯಲ್ಲ.

ದೊಡ್ಡಪ್ಪ ಹೇಳುವ ಹಳೇ ಕಾಲ ಸುಳ್ಳಲ್ಲ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಮನೆಗೊಬ್ಬರು ಬಂದು ಕಾಲುವೆ ತೋಡುತ್ತಿದ್ದರು. ಗೋಡು ಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೂ ಗೊಬ್ಬರ, ಕೆರೆಯ ಹೂಳೂ ಖಾಲಿ. ತೂಬು ಎತ್ತುವುದು, ಇಳಿಸುವುದು ನೀರುಗಂಟಿಯ ಕೆಲಸ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದನ್ನು ಅವನೇ ನೋಡಿಕೊಳ್ಳುತ್ತಿದ್ದ. ನೀರು ಕಮ್ಮಿ ಇದ್ದ ವರ್ಷ ಇಷ್ಟೇ ಜಮೀನಿಗೆ ಭತ್ತ ಅಂತ ಊರೇ ಕೂತು ತೀರ್ಮಾನ ಮಾಡುತ್ತಿತ್ತು. ಸುಗ್ಗಿಯಲ್ಲಿ ಕಣದಿಂದಲೇ ಅವನ ಪಾಲಿನ ಧಾನ್ಯ ಹೋಗುತ್ತಿತ್ತು. ಇದೆಲ್ಲ ಕೇಳಿದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತೆ, ಅಲ್ವಾ?

ಆದರೆ ಆ ನೀರುಗಂಟಿ ಯಾರ ಮನೆಯವನು ಅಂತಲೂ ಕೇಳಬೇಕು. ನಮ್ಮೂರಲ್ಲಿ ಅವನು ಊರಾಚೆಯ ಕೇರಿಯವನು. ಅಪ್ಪ ಮಾಡಿದ್ದನ್ನು ಮಗ ಮಾಡಬೇಕಿತ್ತು. ರಾತ್ರಿ ಮಳೆ ಹೊಡೆದರೆ ಕೆರೆ ಕಟ್ಟೆ ಮೇಲೆ ನಿಂತು ಕಾಯಬೇಕಾದವನು ಅವನು. ಊರಿನ ದೇವಸ್ಥಾನದೊಳಗೆ ಮಾತ್ರ ಅವನಿಗೆ ಜಾಗವಿರಲಿಲ್ಲ. ಹಿಂದಿನವರ ಜವಾಬ್ದಾರಿ ಅಂತ ನಾವು ಹೊಗಳುವಾಗ, ಅದರಲ್ಲಿ ದೊಡ್ಡ ಪಾಲನ್ನು ಬೇರೆ ದಾರಿಯೇ ಇಲ್ಲದವರು ಹೊತ್ತಿದ್ದರು ಅನ್ನೋದನ್ನು ಮರೆಯುತ್ತೇವೆ. ಊರಿನ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬಂತು. ಬರಬೇಕಾದದ್ದೇ. ಹುಟ್ಟಿದ ಮನೆ ನೋಡಿ ಒಬ್ಬನ ತಲೆಗೆ ಕಟ್ಟಿದ ಕೆಲಸ ಹೋದದ್ದು ಒಳ್ಳೆಯದಾಯಿತು. ಆದರೆ ಆ ಕೆಲಸವನ್ನು ಊರಿನವರೆಲ್ಲ ಸೇರಿ ಹಂಚಿಕೊಳ್ಳಬಹುದಿತ್ತು. ಯಾರೂ ಹಂಚಿಕೊಳ್ಳಲಿಲ್ಲ. ತೂಬು ಅನಾಥವಾಯಿತು.

ಅಲ್ಲಿಂದ ಮುಂದಿನದು ಒಂದರ ಹಿಂದೆ ಒಂದು. 40 ಹೆಕ್ಟೇರಿಗಿಂತ ಕಮ್ಮಿ ಅಚ್ಚುಕಟ್ಟಿನ, ಅಂದರೆ ಅಷ್ಟು ಜಮೀನಿಗೆ ನೀರು ಕೊಡುವ ಕೆರೆ ಪಂಚಾಯಿತಿಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ ಅಂತಾಯಿತು. ಕಟ್ಟೆ ಬಿರುಕು ಬಿಟ್ಟರೆ ಊರು ಗುದ್ದಲಿ ಹಿಡಿಯುವುದು ಬಿಟ್ಟು ಅರ್ಜಿ ಬರೆಯಲು ಕಲಿಯಿತು. ಬೋರ್‌ವೆಲ್ ಬಂತು. ಹೊಲದಲ್ಲೇ ನೀರು ಸಿಕ್ಕ ಮೇಲೆ ಕೆರೆ ಯಾರಿಗೆ ಬೇಕು? ಪಂಪ್‌ಸೆಟ್ಟಿಗೆ ಕರೆಂಟೂ ಪುಕ್ಕಟೆಯಾಯಿತು. 1980ರ ದಶಕದಲ್ಲಿ ನಮ್ಮ ಕಡೆ ನೀಲಗಿರಿ ಹಬ್ಬಿತು. ಕೂಲಿ ಬೇಡ, ಕಾವಲು ಬೇಡ, ಕೆಲವು ವರ್ಷಕ್ಕೊಮ್ಮೆ ಕಡಿದು ಮಾರಿದರೆ ದುಡ್ಡು. ಅದು ನೆಲದ ನೀರು ಹೀರುತ್ತದೆ, ಹೊಸದಾಗಿ ನೆಡಬಾರದು ಅಂತ ಸರ್ಕಾರ ಹೇಳುವ ಹೊತ್ತಿಗೆ 2017 ಆಗಿತ್ತು. ಅಷ್ಟರಲ್ಲಿ ಬೋರ್ ಸಾವಿರ ಅಡಿ ದಾಟಿತ್ತು. ಬಂದ ನೀರಲ್ಲಿ ಫ್ಲೋರೈಡ್. ಹಲ್ಲಿನ ಮೇಲೆ ಕಂದು ಕಲೆ ಇರುವ ಮಕ್ಕಳನ್ನು ನಾನು ಕ್ಲಾಸಿನಲ್ಲಿ ನೋಡುತ್ತಲೇ ಇದ್ದೇನೆ.

ಇಷ್ಟೂ ನಡೆದ ಕಾಲದಲ್ಲಿ ಊರು ಯಾರ ಕೈಯಲ್ಲಿತ್ತು? ಇವತ್ತು ಅರಳಿಕಟ್ಟೆ ಮೇಲೆ ಕೂತಿದ್ದವರ ಕೈಯಲ್ಲಿ. ಆಗ ಅವರಿಗೆ ಮೂವತ್ತೋ ನಲವತ್ತೋ. ಈಗ ಬೈಕ್ ಒರಗಿಸಿ ನಿಂತ ಹುಡುಗರು ಆಗ ಹುಟ್ಟೇ ಇರಲಿಲ್ಲ. ಕೆರೆ ಕೈ ಬಿಟ್ಟ ತಲೆಮಾರು ಯಾವುದು ಅಂತ ಕೇಳಿದರೆ ಉತ್ತರ ಇಷ್ಟು ಸ್ಪಷ್ಟ ಇದೆ. ಆದರೂ ಬೈಗುಳ ಮಾತ್ರ ಹುಡುಗರ ಪಾಲಿಗೆ. ನನಗೆ ಸಿಟ್ಟು ಬರುವುದು ಅಲ್ಲೇ.

ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಬರದ ಮೇಲೆ ಬರ ಕಂಡವರು ಅವರು. ಬ್ಯಾಂಕು ಸಾಲ ಕೊಟ್ಟಿತು, ಸರ್ಕಾರ ಹುರಿದುಂಬಿಸಿತು, ಬೋರ್ ಕೊರೆಸಿದರು. ಆ ನೀರಲ್ಲೇ ಹಿಪ್ಪುನೇರಳೆ, ಟೊಮೆಟೊ, ಸೀಮೆಹಸುವಿಗೆ ಹುಲ್ಲು. ರೇಷ್ಮೆಗೂಡು ಮಾರಿದ ದುಡ್ಡಲ್ಲೇ ಅಪ್ಪ ನನ್ನನ್ನು ಬಿ.ಎಡ್ ಓದಿಸಿದರು. ನನ್ನ ಓದಿನ ಹಿಂದೆಯೂ ಬೋರ್ ನೀರಿದೆ. ಒಬ್ಬೊಬ್ಬರಾಗಿ ನೋಡಿದರೆ ಎಲ್ಲರೂ ತಮ್ಮ ಮನೆಯ ಜವಾಬ್ದಾರಿಯನ್ನು ಚೆನ್ನಾಗಿಯೇ ಹೊತ್ತಿದ್ದಾರೆ. ಮಕ್ಕಳ ಓದು, ಮದುವೆ, ಮನೆ, ಎಲ್ಲ ಆಯಿತು. ಕೆರೆ ಮಾತ್ರ ಯಾರ ಮನೆಯದೂ ಆಗಿರಲಿಲ್ಲ.

ಈಗಿನವರ ಮೇಲೂ ನನಗೆ ದೂರಿದೆ. ಗ್ರಾಮಸಭೆ ಅಂದರೆ ಒಬ್ಬ ಹುಡುಗನೂ ಬರುವುದಿಲ್ಲ. ಕೋಡಿ ಯಾವ ಕಡೆ ಇದೆ ಅಂತ ಕೇಳಿದರೆ ನಮ್ಮೂರಲ್ಲೇ ಅರ್ಧ ಜನ ಹುಡುಗರಿಗೆ ಗೊತ್ತಿಲ್ಲ. ಕೋಳಿ ಅಂಗಡಿ ಕಸ, ಮನೆ ಒಡೆದ ಇಟ್ಟಿಗೆ ಚೂರು ತಂದು ಕೆರೆ ಅಂಗಳಕ್ಕೆ ಸುರಿಯುವ ಟ್ರ್ಯಾಕ್ಟರ್ ಓಡಿಸುವವರೂ ಇದೇ ವಯಸ್ಸಿನವರು. ಅದನ್ನು ಅವರ ಮುಖಕ್ಕೇ ಹೇಳಿದ್ದೇನೆ. ಮುಂದೆಯೂ ಹೇಳುತ್ತೇನೆ.

ಆದರೆ ಅವರ ಕೈಯಲ್ಲಿ ಏನಿದೆ ಅಂತಲೂ ನೋಡಬೇಕಲ್ಲ. ಹೊಲದ ಪಹಣಿ ಈಗಲೂ ತಾತನ ಹೆಸರಲ್ಲಿದೆ. ಎಷ್ಟೋ ಮನೆಯಲ್ಲಿ ತಾತ ತೀರಿಕೊಂಡು ವರ್ಷಗಳಾಗಿವೆ, ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಲ್ಲ. ಪಹಣಿ ಇಲ್ಲದೆ ಸೊಸೈಟಿ ಸಾಲ ಇಲ್ಲ, ಡ್ರಿಪ್ ಸಬ್ಸಿಡಿ ಇಲ್ಲ, ಬೆಳೆ ವಿಮೆ ಇಲ್ಲ. ಮೂವತ್ತೈದು ವಯಸ್ಸಿನ ಗಂಡಸು ತನ್ನ ಹೊಲದಲ್ಲಿ ಏನು ಹಾಕಬೇಕು ಅಂತ ತಾನೇ ತೀರ್ಮಾನ ಮಾಡುವ ಹಾಗಿಲ್ಲ. ಪಂಚಾಯಿತಿಯಲ್ಲಿ ಮಾತಾಡಲು ಎದ್ದರೆ "ಕೂತ್ಕೊಳೋ, ದೊಡ್ಡವರು ಇದ್ದೀವಿ" ಅನ್ನುತ್ತಾರೆ. ಹೆಣ್ಣುಮಕ್ಕಳ ಕಥೆ ಕೇಳುವುದೇ ಬೇಡ. ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು ಎತ್ತುವ ಕೆಲಸ ಬಂದಾಗ ಬುಟ್ಟಿ ಹೊರುವವರಲ್ಲಿ ಹೆಚ್ಚಿನವರು ಹೆಂಗಸರು. ಎಲ್ಲಿ ತೋಡಬೇಕು ಅಂತ ಅವರನ್ನು ಯಾರೂ ಕೇಳುವುದಿಲ್ಲ. ವಾಹನದ ಕೀ ಕೊಡದೆ ಯಾಕೆ ಗಾಡಿ ಓಡಿಸಲಿಲ್ಲ ಅಂತ ಬೈದಂತೆ ಇದು.

ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದ ಮಾತನ್ನು ಊರಿನ ಹಿರಿಯ ಮೇಷ್ಟ್ರೊಬ್ಬರು ಇವತ್ತು ನೆನಪಿಸಿದರು. ಕೆರೆ ಕಟ್ಟಿಸು, ಬಾವಿ ತೋಡಿಸು ಅಂತ ತಾಯಿ ಹಾಲು ಕುಡಿಸುವಾಗಲೇ ಮಗುವಿನ ಕಿವಿಯಲ್ಲಿ ಹೇಳಿದಳಂತೆ. ಈಗಿನ ತಾಯಂದಿರು ಮೊಬೈಲ್ ಕೊಡುತ್ತಾರೆ ಅಂತ ಅವರ ಕೊರಗು. ಆ ಶಾಸನ ನನಗೂ ಬಹಳ ಇಷ್ಟ. ಮಕ್ಕಳಿಗೆ ಪಾಠ ಮಾಡುವಾಗ ಹೇಳುತ್ತೇನೆ. ಆದರೆ ಆ ಮಗು ಬೆಳೆದು ಅಮಾತ್ಯನಾದ. ತಾಯಿ ಹೇಳಿದ್ದನ್ನು ಮಾಡಲು ಅವನಿಗೆ ಅಧಿಕಾರವಿತ್ತು. ನಾವು ಕಿವಿಮಾತು ಮಾತ್ರ ಕೊಟ್ಟು ಅಧಿಕಾರ ನಮ್ಮಲ್ಲೇ ಇಟ್ಟುಕೊಂಡಿದ್ದೇವೆ.

ಹೊಸಬರಿಗೂ ಸ್ವಲ್ಪ ಅಧಿಕಾರ ಬಿಟ್ಟುಕೊಟ್ಟ ಕಡೆ ಏನಾಗಿದೆ ಅಂತಲೂ ನೋಡಿದ್ದೇವೆ. ಬೆಂಗಳೂರಿನ ಪುಟ್ಟೇನಹಳ್ಳಿ ಕೆರೆ, ಕೈಕೊಂಡ್ರಹಳ್ಳಿ ಕೆರೆ ಉಳಿದಿದ್ದರಲ್ಲಿ ಸುತ್ತಲಿನ ನಿವಾಸಿಗಳ ಪಾಲು ದೊಡ್ಡದು. ಅವರಲ್ಲಿ ಎಷ್ಟೋ ಜನ ಬೇರೆ ಊರುಗಳಿಂದ ಬಂದು ನೆಲೆಸಿದವರು. ಆ ಕೆರೆಯ ಅಚ್ಚುಕಟ್ಟಲ್ಲಿ ಅವರ ತಾತಂದಿರು ಭತ್ತ ಬೆಳೆದಿರಲಿಲ್ಲ.

ನಮ್ಮ ಜಿಲ್ಲೆಯಲ್ಲೇ ನೋಡಿ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕಳಿಸುವ ಯೋಜನೆ. ಒಣಗಿದ್ದ ಕೆರೆಯಲ್ಲಿ ನೀರು ಕಂಡು ಎಲ್ಲರಿಗೂ ಸಂತೋಷವಾಯಿತು, ತಪ್ಪಲ್ಲ. ಆಮೇಲೆ ನೊರೆಯೂ ಕಾಣಿಸಿತು. ಮೂರನೇ ಹಂತದ ಶುದ್ಧೀಕರಣ ಮಾಡದೆ ಕಳಿಸಬೇಡಿ ಅನ್ನುವ ಕೂಗು ಎದ್ದಿತು. ಅದು ಇನ್ನೂ ನಿಂತಿಲ್ಲ. ನಮ್ಮೂರಿಗೆ ಆ ನೀರು ಬರುವುದಿಲ್ಲ. ಬಂದರೆ ಏನೇನು ಪರೀಕ್ಷೆ ಮಾಡಿಸಬೇಕು ಅಂತ ಇವತ್ತು ನನ್ನನ್ನು ಕೇಳಿದ್ದು ಪಾಲಿಟೆಕ್ನಿಕ್ ಓದುವ ಒಬ್ಬ ಹುಡುಗಿ. ದೊಡ್ಡವರು ಕೇಳಿದ್ದು ಯಾವಾಗ ಬಿಡುತ್ತಾರೆ ಅಂತ ಮಾತ್ರ.

ಅದೇ ಹುಡುಗಿ ಮತ್ತು ಅವಳ ಚಿಕ್ಕಪ್ಪನ ಮಗ ಸೇರಿ ತಹಶೀಲ್ದಾರರಿಗೆ ಒಂದು ಅರ್ಜಿ ಬರೆದಿದ್ದಾರೆ. ಕೆರೆಯ, ರಾಜಕಾಲುವೆಯ ಸರ್ವೆ ಮಾಡಿಸಿ ಗಡಿ ಗುರುತಿಸಿ ಕೊಡಿ ಅಂತ. ಸರ್ವೆ ನಂಬರ್ ಹಾಕಿದ್ದಾರೆ, ಹಳೇ ಗ್ರಾಮ ನಕ್ಷೆ ಡೌನ್‌ಲೋಡ್ ಮಾಡಿ ಜೊತೆಗಿಟ್ಟಿದ್ದಾರೆ. ಅದಕ್ಕೆ ಊರಿನ ಹಿರಿಯರ ಸಹಿ ಬೇಕು ಅಂತ ಹೋದ ವಾರವೇ ಹಿಡಿದು ಓಡಾಡಿದರಂತೆ. ಒಬ್ಬರೂ ಹಾಕಿಲ್ಲ. ಯಾಕೆ ಅಂತ ಊರಿಗೆಲ್ಲ ಗೊತ್ತು. ಸರ್ವೆ ಆದರೆ ಕಾಲುವೆ ಯಾರ ಯಾರ ಹೊಲದೊಳಗೆ ಸೇರಿದೆ ಅಂತ ಹೊರಗೆ ಬರುತ್ತದೆ. ನಮ್ಮ ಮನೆಯದ್ದೂ ಒಂದು ಅಂಚು ಬರಬಹುದು ಅಂತ ಅಮ್ಮ ಹೇಳಿದರು.

ನಾನು ಅಲ್ಲಿ ಹೇಳಿದ್ದು ಇದನ್ನೇ. "ದೊಡ್ಡಪ್ಪಾ, ಹುಡುಗರಿಗೆ ಜವಾಬ್ದಾರಿ ಇಲ್ಲ ಅಂತೀರಲ್ಲ, ಅವರು ತಂದ ಕಾಗದಕ್ಕೆ ಯಾಕೆ ಸಹಿ ಹಾಕಲಿಲ್ಲ?" ಅವರು ಸ್ವಲ್ಪ ಹೊತ್ತು ಬಿಟ್ಟು, "ಅದು ಬೇರೆ ವಿಷಯಮ್ಮ, ಊರಲ್ಲಿ ಜಗಳ ಆಗ್ತದೆ" ಎಂದರು. ಬೇರೆ ವಿಷಯ ಅಲ್ಲ. ಅದೇ ವಿಷಯ. ಜಗಳ ಆಗುತ್ತದೆ ಅಂತ ಮೂವತ್ತು ವರ್ಷ ಬಿಟ್ಟಿದ್ದಕ್ಕೇ ಕಾಲುವೆ ಮಾಯವಾಗಿದ್ದು.

ನನಗೆ ದೊಡ್ಡಪ್ಪನ ಸಹಿಗಿಂತ ಮುಖ್ಯವಾಗಿ ಬೇಕಾದದ್ದು ಅವರ ನೆನಪು. ಗಡಿ ಕಲ್ಲು ಎಲ್ಲಿತ್ತು, ಎಷ್ಟನೇ ಹುಣಸೆ ಮರದಿಂದ ಕಾಲುವೆ ತಿರುಗುತ್ತಿತ್ತು, ಮೇಲಿನ ಕೆರೆಯ ಕೋಡಿ ನೀರು ಎಲ್ಲಿ ಬಂದು ಸೇರುತ್ತಿತ್ತು, ಇದು ಗೊತ್ತಿರುವವರು ಊರಲ್ಲಿ ಇನ್ನು ಕೆಲವೇ ಜನ. ನಕ್ಷೆಯಲ್ಲಿ ಗೆರೆ ಇರುತ್ತದೆ. ನೆಲದ ಮೇಲೆ ಅದು ಎಲ್ಲಿ ಹಾದು ಹೋಗುತ್ತದೆ ಅಂತ ಬೆರಳು ತೋರಿಸಲು ಅವರೇ ಬರಬೇಕು. ಹುಡುಗರಿಗೆ ಬೈಯುವ ಬದಲು ಅವರ ಜೊತೆ ಒಂದು ಬೆಳಗ್ಗೆ ಕಾಲುವೆಗುಂಟ ನಡೆದರೆ ಸಾಕು. ನೀರುಗಂಟಿಯ ಮನೆಯಲ್ಲಿ ಅವರ ಮೊಮ್ಮಗ ಇದ್ದಾನೆ, ಬೆಂಗಳೂರಲ್ಲಿ ಡ್ರೈವರ್ ಕೆಲಸ. ಅವನ ಅಜ್ಜಿ ಇನ್ನೂ ಗಟ್ಟಿಯಾಗಿದ್ದಾರೆ. ಅವರನ್ನೂ ಕೇಳಬೇಕು, ಅದೂ ಮೊದಲು. ತೂಬಿನ ವಿಷಯ ಅವರಷ್ಟು ಬಲ್ಲವರು ಯಾರೂ ಇಲ್ಲ.

ಅರ್ಜಿಯ ಒಂದು ಪ್ರತಿ ನನ್ನ ಹತ್ತಿರ ಇದೆ. ನಮ್ಮ ಹೊಲದ ಸರ್ವೆ ನಂಬರನ್ನೂ ಅದರಲ್ಲಿ ಸೇರಿಸಿ ಅಂತ ಆ ಹುಡುಗಿಗೆ ಹೇಳಿದೆ. ಅಮ್ಮ ಸಹಿ ಹಾಕಿದ್ದಾರೆ. ನಾಳೆ ಸೋಮವಾರ, ತಾಲ್ಲೂಕು ಆಫೀಸಿಗೆ ಮೂವರೂ ಹೋಗುತ್ತಿದ್ದೇವೆ.