ಹೌದು, ಮೂಗಿನ ಆಪರೇಷನ್ ಬಗ್ಗೆ ಯೋಚಿಸುತ್ತಿದ್ದೇನೆ, ಈ ವಯಸ್ಸಿನಲ್ಲೇ

"ಈ ವಯಸ್ಸಲ್ಲಿ ಮೂಗಿನ ಆಪರೇಷನ್ ಯಾಕೆ?"

ಇದೇ ಪ್ರಶ್ನೆ. ಆಫೀಸಿನಲ್ಲಿ, ಲಿಫ್ಟಿನಲ್ಲಿ, ಫೋನಿನಲ್ಲಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ. ಮೊದಮೊದಲು ಸಮಾಧಾನವಾಗಿಯೇ ಹೇಳುತ್ತಿದ್ದೆ. ಈಗ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನಗೆ ಐವತ್ತು ದಾಟಿದೆ. ನನ್ನ ಮೂಗು ಮೊದಲಿನ ಹಾಗಿಲ್ಲ. ತುದಿ ಕೆಳಗಿಳಿದಿದೆ, ಮೂಗು ಉದ್ದವಾದ ಹಾಗೆ ಕಾಣುತ್ತದೆ, ನಕ್ಕರೆ ಮೇಲ್ತುಟಿಯನ್ನು ಮುಟ್ಟುತ್ತದೆ. ಅದನ್ನು ಸರಿ ಮಾಡಿಸಬಹುದಾ ಅಂತ ವಿಚಾರಿಸುತ್ತಿದ್ದೇನೆ. ಇನ್ನೂ ತೀರ್ಮಾನ ಮಾಡಿಲ್ಲ. ವಿಷಯ ಇಷ್ಟೇ.

"ಬೆಳೆದ ಮೇಲೆ ಮೂಗು ಎಲ್ಲಾದರೂ ಬದಲಾಗುತ್ತಾ, ಸುಮ್ನೆ ನಿನ್ನ ಭ್ರಮೆ" ಅನ್ನುವವರಿಗೆ ಮೊದಲು ಉತ್ತರ. ಮೂಗಿನಲ್ಲಿ ಮೂಳೆ ಇರುವುದು ಮೇಲಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಅದರ ಕೆಳಗೆಲ್ಲ ಕಾರ್ಟಿಲೇಜ್, ಅಂದರೆ ಮುಟ್ಟಿದರೆ ಬಾಗುವ ಮೆದು ಎಲುಬು. ಆ ತುಂಡುಗಳನ್ನು ಒಂದಕ್ಕೊಂದು ಹಿಡಿದಿಡುವ ಪಟ್ಟಿಗಳು ವಯಸ್ಸಾದಂತೆ ಸಡಿಲವಾಗುತ್ತವೆ. ಮೂಗಿನ ಬುಡಕ್ಕೆ ಆಸರೆಯಾಗಿರುವ ಮೇಲ್ದವಡೆಯ ಮೂಳೆಯೂ ಸವೆಯುತ್ತದೆ. ಹಗ್ಗ ಸಡಿಲಾದ ಶಾಮಿಯಾನದ ಹಾಗೆ ತುದಿ ಜೋತು ಬೀಳುತ್ತದೆ. ಮೂಗಿನ ತಳಕ್ಕೂ ಮೇಲ್ತುಟಿಗೂ ನಡುವೆ ಒಂದು ಕೋನವಿರುತ್ತದೆ, ಹೆಂಗಸರಲ್ಲಿ ಸುಮಾರು 95ರಿಂದ 110 ಡಿಗ್ರಿ ಇದ್ದರೆ ಚೆನ್ನ ಅಂತ ಡಾಕ್ಟರುಗಳು ಲೆಕ್ಕ ಹಾಕುತ್ತಾರೆ. ನನ್ನದು ಈಗ 90ಕ್ಕಿಂತ ಕಡಿಮೆ. ಅಳತೆ ಮಾಡಿ ನೋಡಿದ್ದಾರೆ, ಭ್ರಮೆಯೇನಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಇದು ವರ್ಷಗಟ್ಟಲೆ ನಿಧಾನವಾಗಿ ಆಗುವ ಬದಲಾವಣೆ. ಯಾರಿಗಾದರೂ ಕೆಲವೇ ತಿಂಗಳಲ್ಲಿ ಮೂಗಿನ ನಡುಭಾಗ ಕುಸಿದರೆ, ತುದಿ ಕೆಂಪಾಗಿ ದಪ್ಪವಾಗುತ್ತಾ ಹೋದರೆ, ಮೂಗಿನ ಮೇಲೊಂದು ಗಾಯ ಮಾಯದೆ ಉಳಿದರೆ, ಅದು ಸೌಂದರ್ಯದ ಪ್ರಶ್ನೆಯೇ ಅಲ್ಲ. ಒಳಗೆ ಬೇರೆ ಕಾಯಿಲೆ ಇರಬಹುದು. ಮೊದಲು ಅದನ್ನು ತೋರಿಸಿಕೊಳ್ಳಿ. ದಯವಿಟ್ಟು.

ಇನ್ನು ಆ ಮದುವೆಯ ವಿಷಯ. ಹೋದ ವರ್ಷ ತುಮಕೂರಿನಲ್ಲಿ ಅಣ್ಣನ ಮಗನ ಮದುವೆ. ಊಟದ ಪಂಕ್ತಿಯಲ್ಲಿ ಕೂತಿದ್ದೇವೆ. ಎಲೆ ಮುಂದೆ ಕೂತವಳು ಎದ್ದು ಹೋಗುವ ಹಾಗಿಲ್ಲ, ಅದು ಗೊತ್ತಿದ್ದೇ ನಮ್ಮ ಸೋದರತ್ತೆ ಶುರು ಮಾಡಿದರು. ಮೊಬೈಲಿನಲ್ಲಿ ನನ್ನ ನಿಶ್ಚಿತಾರ್ಥದ ಹಳೇ ಫೋಟೋ ತೆಗೆದರು. ಸ್ಟುಡಿಯೋದವನು ಗಲ್ಲ ಹಿಡಿದು ಪಕ್ಕಕ್ಕೆ ತಿರುಗಿಸಿ ತೆಗೆದಂಥ ಫೋಟೋ. ಅದನ್ನು ನನ್ನ ಕೆನ್ನೆಯ ಪಕ್ಕಕ್ಕೇ ಹಿಡಿದು, "ನೋಡ್ರೇ, ಎಂಥ ಸಂಪಿಗೆ ಮೂಗು ಇತ್ತು ಇವಳದ್ದು, ಹೇಗಾಗೋಗಿದೆ! ಈಗ ಆಪರೇಷನ್ ಮಾಡಿಸ್ಕೊಳ್ತಾಳಂತೆ. ಈ ವಯಸ್ಸಲ್ಲಿ ಯಾಕೇ ಬೇಕು ನಿಂಗೆ?" ಅಂದರು. ಇಡೀ ಸಾಲು ತಿರುಗಿತು. ಚಿರೋಟಿಗೆ ಬಾದಾಮಿ ಹಾಲು ಹಾಕುತ್ತಿದ್ದ ಹುಡುಗ ಕೂಡ ಜಗ್ ಹಿಡಿದುಕೊಂಡೇ ನನ್ನ ಮೂಗು ನೋಡುತ್ತಾ ನಿಂತ. ಪಕ್ಕದ ಎಲೆಯವರ ಚಿರೋಟಿ ಹಾಲಿನಲ್ಲಿ ತೇಲಿತು.

ಆಮೇಲೆ ಒಬ್ಬೊಬ್ಬರದೂ ಒಂದೊಂದು. "ದೇವರು ಕೊಟ್ಟಿದ್ದನ್ನ ಬದಲಾಯಿಸಬಾರದು." "ಇನ್ಯಾರು ನೋಡ್ಬೇಕು ನಿನ್ನ?" "ಒಂದು ಇಂಜೆಕ್ಷನ್ ಹಾಕಿಸ್ಕೊ, ಅರ್ಧ ಗಂಟೆ ಕೆಲಸವಂತೆ." "ಅಪ್ಪನ ಮೂಗು ಬಂದಿದೆ, ಅವರ ನೆನಪು ಅಂತ ಇಟ್ಕೋ."

ಅಲ್ಲಿ ಅತ್ತೆಗೆ ನಾನು ಹೇಳಿದ್ದು ಒಂದೇ ಮಾತು, "ಅತ್ತೆ, ಮೊದಲು ಊಟ ಮಾಡಿ." ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ದೇವರು ಕೊಟ್ಟ ಮೂಗು ಆ ಫೋಟೋದಲ್ಲಿದೆ. ಇದು ವಯಸ್ಸು ಕೊಟ್ಟಿದ್ದು. ಕಣ್ಣಿಗೆ ಪೊರೆ ಬಂದರೆ ತೆಗೆಸುತ್ತೇವೆ, ಹಲ್ಲು ಹೋದರೆ ಕಟ್ಟಿಸುತ್ತೇವೆ, ಮಂಡಿ ಸವೆದರೆ ಬದಲಾಯಿಸುತ್ತೇವೆ. ಆಗ ಯಾರೂ ದೇವರನ್ನು ಕರೆಯುವುದಿಲ್ಲ. ಅಷ್ಟಕ್ಕೂ ಮೂಗನ್ನು ಇದ್ದ ಹಾಗೇ ಬಿಡುವ ಮನೆತನವೇ ನಮ್ಮದು? ನಮ್ಮ ಕಡೆ ಬಾಣಂತನದಲ್ಲಿ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಅಜ್ಜಿ ಹೆಬ್ಬೆರಳು, ತೋರುಬೆರಳಿನಲ್ಲಿ ಮೂಗು ಹಿಡಿದು ತೀಡುತ್ತಿದ್ದರು, ನೀಟಾಗಿ ಬರಲಿ ಅಂತ. ನನ್ನ ಮಗಳಿಗೂ ತೀಡಿದ್ದು ಇದೇ ಅತ್ತೆ. ಹಾಗೆ ತೀಡಿದರೆ ಮೂಗೇನೂ ಬದಲಾಗುವುದಿಲ್ಲ, ಹಾಗೆಲ್ಲ ಒತ್ತಬೇಡಿ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಆದರೆ ಆಸೆ ಇತ್ತಲ್ಲ? ಹತ್ತು ದಿನದ ಮಗುವಿನ ಮೂಗು ಚೆನ್ನಾಗಿರಲಿ ಅಂತ ಆಸೆಪಡಬಹುದು, ಐವತ್ತರ ಹೆಂಗಸು ತನ್ನ ಮೂಗಿನ ಬಗ್ಗೆ ಆಸೆಪಡಬಾರದು. ಇದ್ಯಾವ ನ್ಯಾಯ?

ಇಂಜೆಕ್ಷನ್ ವಿಷಯ ಗಂಭೀರವಾಗಿಯೇ ಹೇಳುತ್ತೇನೆ. ಅದು ಫಿಲ್ಲರ್, ಅಂದರೆ ತುಂಬುವ ಔಷಧ. ಹೆಚ್ಚಾಗಿರುವುದನ್ನು ಅದು ಕಡಿಮೆ ಮಾಡುವುದಿಲ್ಲ. ಮೂಗಿನ ರಕ್ತನಾಳಗಳಿಗೂ ಕಣ್ಣಿನ ರಕ್ತನಾಳಗಳಿಗೂ ಸಂಪರ್ಕವಿದೆ, ಔಷಧ ತಪ್ಪಿ ನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಅರ್ಧ ಗಂಟೆಯ ಕೆಲಸ ಅಂತ ಯಾವುದೋ ಪಾರ್ಲರಿನಲ್ಲಿ ಚುಚ್ಚಿಸಿಕೊಳ್ಳುವ ವಿಷಯ ಇದಲ್ಲ.

"ಇದೆಲ್ಲ ಸಿನಿಮಾದವರ ಹುಚ್ಚು, ಫಾರಿನ್ ಫ್ಯಾಷನ್" ಅನ್ನುವವರೂ ಇದ್ದಾರೆ. ಅವರಿಗೆ ಕೋವಾಸ್ಜಿಯ ಕಥೆ ಹೇಳಬೇಕು. ಅವನು ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಮರಾಠಿಗ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸೆರೆ ಸಿಕ್ಕ. ಮೂಗನ್ನೂ ಒಂದು ಕೈಯನ್ನೂ ಕಡಿದು ಕಳಿಸಿದರು. ವರ್ಷಕ್ಕೂ ಜಾಸ್ತಿ ಅವನು ಮೂಗಿಲ್ಲದೇ ಬದುಕಿದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಅವನಿಗೆ ಮೂಗು ಕಟ್ಟಿಕೊಟ್ಟ. ಮೊದಲು ಮೇಣದ ತೆಳು ಹಾಳೆಯನ್ನು ಮೂಗಿನ ಆಕಾರಕ್ಕೆ ಕೂರಿಸಿ ನೋಡಿ, ಅದನ್ನೇ ಬಿಡಿಸಿ ಹಣೆಯ ಮೇಲೆ ಹರಡಿ, ಸುತ್ತ ಗೆರೆ ಎಳೆದು, ಅಷ್ಟು ಚರ್ಮವನ್ನು ಹುಬ್ಬುಗಳ ನಡುವೆ ಒಂದು ಎಳೆ ಬಿಟ್ಟು ಬಿಡಿಸಿ, ಕೆಳಕ್ಕೆ ತಿರುಗಿಸಿ ಕೂರಿಸಿದ. ಈ ವರದಿ 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್‌ನಲ್ಲಿ ಚಿತ್ರದ ಸಮೇತ ಬಂತು. ಅದನ್ನು ನೋಡಿಯೇ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಇದೇ ಆಪರೇಷನ್ ಮಾಡಿದ್ದು. ವಿದ್ಯೆ ಇಲ್ಲಿಂದ ಅಲ್ಲಿಗೆ ಹೋಯಿತು. ಸುಶ್ರುತ ಸಂಹಿತೆಯಲ್ಲೂ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನ ಇದೆ.

ಕೋವಾಸ್ಜಿಯ ಕಷ್ಟಕ್ಕೂ ನನ್ನದಕ್ಕೂ ಹೋಲಿಕೆಯೇ ಇಲ್ಲ, ಗೊತ್ತು. ಆದರೆ ಮೂಗಿಲ್ಲದೆಯೂ ಅವನು ಉಂಡ, ಉಸಿರಾಡಿದ, ಬದುಕಿದ. ಆದರೂ ಚಾಕುವಿನ ಕೆಳಗೆ ಮಲಗಿದ. ಅವನಿಗೆ ಬೇಕಿದ್ದದ್ದು ತನ್ನ ಮುಖ. ಆ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಎಲ್ಲರೂ "ಯಾಕೆ" ಅನ್ನುತ್ತಾರೆ. "ಯಾವ ಮೂಗು ಬೇಕು ನಿನಗೆ?" ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದು ಡಾಕ್ಟರು ಮಾತ್ರ. ಇಪ್ಪತ್ತು, ಮೂವತ್ತರ ವಯಸ್ಸಿನ ಫೋಟೋ ತನ್ನಿ, ನಟಿಯರ ಫೋಟೋ ಬೇಡ ಅಂದರು. ದಿನಕ್ಕೆ ಎಷ್ಟು ಹೊತ್ತು ಕನ್ನಡಿ ನೋಡುತ್ತೀರಿ, ಮೂಗಿನ ಚಿಂತೆಯಲ್ಲಿ ಕೆಲಸ ಬಿಡುತ್ತೀರಾ, ಜನರನ್ನು ಭೇಟಿಯಾಗುವುದು ಬಿಟ್ಟಿದ್ದೀರಾ ಅಂತೆಲ್ಲ ಕೇಳಿದರು. ಕೆಲವರಿಗೆ ಸಣ್ಣ ಊನವೂ ಭೂತವಾಗಿ ಕಾಡುತ್ತದೆ, ಅಂಥವರಿಗೆ ಆಪರೇಷನ್ನಿನಿಂದ ನೆಮ್ಮದಿ ಸಿಗುವುದಿಲ್ಲ, ಅದಕ್ಕೇ ಕೇಳುತ್ತಾರೆ. ಕೇಳಿದ್ದಕ್ಕೆ ನನಗೆ ಅವರ ಮೇಲೆ ನಂಬಿಕೆ ಬಂತು.

ಆಮೇಲೆ ಒಂದು ಬೆರಳಿನಿಂದ ನನ್ನ ಮೂಗಿನ ತುದಿಯನ್ನು ಸ್ವಲ್ಪ ಮೇಲೆತ್ತಿ, "ಈಗ ಉಸಿರು ಎಳೀರಿ" ಅಂದರು. ಎಳೆದೆ. ಎರಡೂ ಹೊಳ್ಳೆಗಳಲ್ಲಿ ತಣ್ಣಗೆ ಗಾಳಿ ನುಗ್ಗಿತು. ಕೈಬಿಟ್ಟರು, ಮತ್ತೆ ಬಿಗಿಯಿತು. ತುದಿ ಕೆಳಗಿಳಿದಾಗ ಗಾಳಿಯ ದಾರಿಯೂ ಕಿರಿದಾಗುತ್ತದಂತೆ. ಜೊತೆಗೆ ನನ್ನ ಮೂಗಿನ ನಡುಗೋಡೆ ಎಡಕ್ಕೆ ಸೊಟ್ಟಗಿದೆ. ರಾತ್ರಿ ಬಾಯಿ ತೆರೆದು ಮಲಗುತ್ತಿದ್ದದ್ದು, ಬೆಳಗ್ಗೆ ಗಂಟಲು ಒಣಗುತ್ತಿದ್ದದ್ದು ಯಾಕೆ ಅಂತ ಗೊತ್ತಾಯಿತು.

ಇದನ್ನು ಕೇಳಿ ಅತ್ತಿಗೆ, "ಹಾಗಾದ್ರೆ ಉಸಿರಾಟಕ್ಕೆ ಅಂತಲೇ ಹೇಳಿಬಿಡು, ಯಾರೂ ಏನೂ ಅನ್ನಲ್ಲ" ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ನಾನು ಹಾಗೆ ಹೇಳುವುದಿಲ್ಲ. ಉಸಿರಿಗೂ ಬೇಕು, ರೂಪಕ್ಕೂ ಬೇಕು. ಎರಡೂ ನಿಜ. ಒಂದರ ಹಿಂದೆ ಇನ್ನೊಂದನ್ನು ಬಚ್ಚಿಡುವ ಅಗತ್ಯ ನನಗಿಲ್ಲ. ವಿಮೆಯವರು ರೂಪಕ್ಕಾಗಿ ಮಾಡಿಸಿಕೊಳ್ಳುವ ಆಪರೇಷನ್‌ಗೆ ದುಡ್ಡು ಕೊಡುವುದಿಲ್ಲ, ಆ ಭಾಗದ ಖರ್ಚು ನನ್ನದೇ.

ತೀರ್ಮಾನ ಯಾಕೆ ತಡವಾಗುತ್ತಿದೆ ಅಂದರೆ ಇದು ಸಣ್ಣ ಕೆಲಸವಲ್ಲ. ಪೂರ್ತಿ ಅರಿವಳಿಕೆ ಕೊಡುತ್ತಾರೆ. ಒಂದು ವಾರದಷ್ಟು ಮೂಗಿನ ಮೇಲೆ ಪಟ್ಟಿ, ಕಣ್ಣಿನ ಕೆಳಗೆ ನೀಲಿ. ಪೂರ್ತಿ ಊತ ಇಳಿಯಲು ವರ್ಷವೇ ಬೇಕು, ತುದಿಯ ಊತ ಎಲ್ಲಕ್ಕಿಂತ ಕೊನೆಗೆ. ನನ್ನ ವಯಸ್ಸಿಗೆ ಚರ್ಮದ ಬಿಗಿ ಕಡಿಮೆ, ಒಳಗಿನ ಆಸರೆ ಕಡಿಮೆ. ಹಾಗಾಗಿ ಜಾಸ್ತಿ ಕತ್ತರಿಸಿದರೆ ಉಸಿರಾಟ ಇನ್ನೂ ಕೆಡಬಹುದು, ಕತ್ತರಿಸುವುದಕ್ಕಿಂತ ಆಸರೆ ಕೊಟ್ಟು ನಿಲ್ಲಿಸುವುದೇ ಮುಖ್ಯ ಅಂತ ಡಾಕ್ಟರು ಹೇಳಿದರು. ಕೆಲವರಿಗೆ ಎರಡನೇ ಸಲ ಮಾಡಿಸಬೇಕಾಗುತ್ತದೆ. ಫೋಟೋದಲ್ಲಿದ್ದ ಮೂಗೇ ಬರುತ್ತದೆ ಅಂತ ಅವರು ಮಾತು ಕೊಡಲಿಲ್ಲ. ಹತ್ತಿರಕ್ಕೆ ಬರಬಹುದು ಅಂದರು. ನನಗೆ ಅಷ್ಟು ಸಾಕು.

ಅಪ್ಪನ ಮೂಗಿನ ಮಾತಿಗೂ ಉತ್ತರ ಇದೆ. ಅಪ್ಪನ ನೆನಪಿಗೆ ನನ್ನ ಹತ್ತಿರ ಅವರ ಕೈಬರಹದ ಲೆಕ್ಕದ ಪುಸ್ತಕ ಇದೆ, ಅವರು ಹಾಡುತ್ತಿದ್ದ ದಾಸರ ಪದಗಳು ಬಾಯಿಗೆ ಬರುತ್ತವೆ. ಮತ್ತೆ ಮೂಗಿನ ಬೆನ್ನಿನ ಮೇಲೆ ಕನ್ನಡಕ ಕೂರುವ ಜಾಗದ ಕೆಳಗೆ ಒಂದು ಸಣ್ಣ ಉಬ್ಬಿದೆ, ಅವರದ್ದೇ. ನಿಶ್ಚಿತಾರ್ಥದ ಫೋಟೋದಲ್ಲೂ ಅದು ಕಾಣುತ್ತದೆ. "ಬೇಕಾದರೆ ಅದನ್ನೂ ಉಜ್ಜಿ ಸಮ ಮಾಡಬಹುದು" ಅಂದರು ಡಾಕ್ಟರು. ಬೇಡ ಅಂದೆ. ತುದಿ ಎತ್ತಿ, ನಡುಗೋಡೆ ಸರಿ ಮಾಡಿ, ಉಬ್ಬು ಮುಟ್ಟಬೇಡಿ ಅಂತ ಫೈಲಿನಲ್ಲಿ ಬರೆಸಿದ್ದೇನೆ. ಮುಂದಿನ ತಿಂಗಳು ಇನ್ನೊಬ್ಬ ಸರ್ಜನ್ನಿಗೂ ತೋರಿಸುತ್ತೇನೆ, ಅಷ್ಟರಲ್ಲಿ ಬಿಪಿ ಹತೋಟಿಗೆ ಬರಬೇಕು. ಅವರೂ ಇದನ್ನೇ ಹೇಳಿದರೆ ದಿನ ಗೊತ್ತು ಮಾಡುತ್ತೇನೆ.